ಅಟ್ಟದ ಹಳೇ ಸಾಮಾನನ್ನು ಕಸ ವರ್ಗಾವಣಾ ಕೇಂದ್ರಕ್ಕೆ ಮುಟ್ಟಿಸುವ ಬಗೆ

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಹತ್ತಿರವಾದಂತೆ ದಾವಣಗೆರೆಯ ಹಳೇ ಪೇಟೆಯ ಮನೆಗಳಲ್ಲಿ ಸುಣ್ಣಬಣ್ಣದ ಕೆಲಸ ಶುರುವಾಗುತ್ತದೆ, ಅದರ ಬೆನ್ನಿಗೇ ಅಟ್ಟ ಖಾಲಿ ಮಾಡುವ ಕೆಲಸವೂ ಬರುತ್ತದೆ. ಊರಿನಿಂದ ಬರುವ ನೆಂಟರಿಗೆ ಮಲಗಲು ಜಾಗ ಬೇಕು. ಜಾಗ ಮಾಡಲು ಹೊರಟಾಗ ಹದಿನೈದು ವರ್ಷದಿಂದ ಯಾರೂ ಮುಟ್ಟದ ಗಾದಿ, ಕಾಲು ಮುರಿದ ಕುರ್ಚಿ, ಡಬ್ಬಾ ಟಿ.ವಿ., ತಳದಲ್ಲಿ ಬಣ್ಣ ಗಟ್ಟಿಯಾಗಿ ಉಳಿದ ಡಬ್ಬಿಗಳು, ಒಡೆದ ಸಿಂಕು, ಗಾಜಿನ ಕಟ್ಟು ಹಾಕಿಸಿದ ದೇವರ ಪಟಗಳು ಒಂದೊಂದಾಗಿ ಅಂಗಳಕ್ಕೆ ಇಳಿಯುತ್ತವೆ. ಬೆಳಗಿನ ಕಸದ ಗಾಡಿ ಇವನ್ನು ಒಯ್ಯುವುದಿಲ್ಲ, ಒಯ್ಯಲು ಅದರಲ್ಲಿ ಜಾಗವೂ ಇರುವುದಿಲ್ಲ. ನಾಲ್ಕು ದಿನ ಗೇಟಿನ ಪಕ್ಕ ಇಟ್ಟುಕೊಂಡು ಬೇಸತ್ತವರು ಐದನೆಯ ದಿನ ರಾತ್ರಿ ಭದ್ರಾ ನಾಲೆಯ ಏರಿಗೋ, ರಿಂಗ್ ರಸ್ತೆಯ ಬದಿಗೋ, ಬೇಲಿಯಿಲ್ಲದ ಯಾವುದಾದರೂ ಖಾಲಿ ಸೈಟಿಗೋ ಸುರಿದು ಬರುತ್ತಾರೆ. ಹಾಗೆ ಮಾಡದೆ ಈ ಸಾಮಾನನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವುದು ಹೇಗೆ ಎಂಬುದನ್ನು, ಒಮ್ಮೆ ತಪ್ಪು ಮಾಡಿ ಆಟೋ ಬಾಡಿಗೆಯನ್ನು ಎರಡು ಸಲ ತೆತ್ತವನಾಗಿ, ಇಲ್ಲಿ ಬರೆಯುತ್ತಿದ್ದೇನೆ.

ಕಸ ವರ್ಗಾವಣಾ ಕೇಂದ್ರ ಎಂದರೇನು ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದ ಹಂತಗಳು ತಾವಾಗಿಯೇ ಅರ್ಥವಾಗುತ್ತವೆ. ಬೀದಿಬೀದಿ ಸುತ್ತುವ ಆಟೋ ಟಿಪ್ಪರ್ ಚಿಕ್ಕದು, ಅದು ತುಂಬಿದಾಗಲೆಲ್ಲ ಊರಾಚೆಯವರೆಗೆ ಹೋಗಿ ಬಂದರೆ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ, ಡೀಸೆಲ್ಲೂ ದಂಡ. ಆದ್ದರಿಂದ ಹಲವು ಟಿಪ್ಪರ್‌ಗಳ ಕಸವನ್ನು ಒಂದು ಕಡೆ ಇಳಿಸಿ, ಒತ್ತಿ, ದೊಡ್ಡ ಮುಚ್ಚಿದ ವಾಹನಕ್ಕೆ ತುಂಬಿ ಮುಂದಕ್ಕೆ ಕಳಿಸುವ ವ್ಯವಸ್ಥೆ ಇರುತ್ತದೆ; ಆ ಇಳಿಸಿ ಹತ್ತಿಸುವ ಜಾಗವೇ ವರ್ಗಾವಣಾ ಕೇಂದ್ರ. ಕಸ ಕೊನೆಗೆ ಹೋಗಿ ಸೇರುವ ದಾವಣಗೆರೆ ಮಹಾನಗರ ಪಾಲಿಕೆಯ ಘನತ್ಯಾಜ್ಯ ವಿಲೇವಾರಿ ಘಟಕ ಇರುವುದು ಆವರಗೊಳ್ಳದ ಬಳಿ. ಅಂದರೆ ವರ್ಗಾವಣಾ ಕೇಂದ್ರವೆಂಬುದು ಗೋದಾಮಲ್ಲ, ಗುಜರಿ ಅಂಗಡಿಯಲ್ಲ, ತಿಪ್ಪೆಯೂ ಅಲ್ಲ. ಬಸ್ ನಿಲ್ದಾಣದಂತೆ, ಬಂದದ್ದೆಲ್ಲ ಅಂದೇ ಹೊರಡಬೇಕು. ಮುಂದಕ್ಕೆ ಕಳಿಸಲು ದಾರಿಯಿಲ್ಲದ ವಸ್ತುವನ್ನು ಅಲ್ಲಿ ಇಳಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲ, ಒಪ್ಪಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ನನಗೆ ಇದು ತಿಳಿದದ್ದು ಗೇಟಿನ ಮುಂದೆ. ಕೆಲವು ವರ್ಷಗಳ ಹಿಂದೆ ಅತ್ತೆಯವರ ಮನೆ ಖಾಲಿ ಮಾಡಿಸುವಾಗ, ಲಗೇಜ್ ಆಟೋದ ತಳಕ್ಕೆ ಒಡೆದ ಟೈಲ್ಸ್ ಮೂಟೆಗಳು, ಅದರ ಮೇಲೆ ಟಿ.ವಿ., ಸಂದಿಯಲ್ಲಿ ಟ್ಯೂಬ್‌ಲೈಟುಗಳು, ಎಲ್ಲದರ ಮೇಲೆ ಮುಚ್ಚಳದಂತೆ ಎರಡು ಗಾದಿ ಹಾಕಿ ಹಗ್ಗ ಬಿಗಿದು ಹೊರಟಿದ್ದೆ. ಗೇಟಿನಲ್ಲಿದ್ದ ವ್ಯಕ್ತಿ ಕೈಯಲ್ಲಿದ್ದ ಕೋಲಿನಿಂದ ಗಾದಿಯ ಅಂಚನ್ನು ಎತ್ತಿ ಒಳಗೆ ಇಣುಕಿ ನೋಡಿ, "ಯಜಮಾನ್ರೇ, ನೀವು ಕಸ ತಂದಿಲ್ಲ, ಮನೇನೇ ತಂದೀರಿ. ಬಿಡಿಸ್ಕೊಂಡು ಬರ್ರಿ" ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಆಟೋದವನು ಮಾತ್ರ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ. ವಿಂಗಡಿಸುವ ಕೆಲಸವೆಲ್ಲ ಮನೆಯ ಅಂಗಳದಲ್ಲಿಯೇ ಮುಗಿದಿರಬೇಕು. ಗಾಡಿ ಹತ್ತಿದ ಮೇಲೆ ಬಿಡಿಸಲು ಜಾಗವೂ ಇಲ್ಲ, ಬಿಡಿಸುವವರೂ ಇಲ್ಲ.

ಮೊದಲ ಕೆಲಸ: ಅಂಗಳದಲ್ಲಿ ಗುಂಪು ಮಾಡುವುದು

ಬಹಳಷ್ಟು ಜನ ಸಾಮಾನನ್ನು ಕೋಣೆವಾರು ಕಟ್ಟುತ್ತಾರೆ, ಅಡುಗೆಮನೆಯದೊಂದು ಮೂಟೆ, ಅಟ್ಟದ್ದೊಂದು ಮೂಟೆ ಎಂಬಂತೆ. ಅದರಿಂದ ಪ್ರಯೋಜನವಿಲ್ಲ. ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ತೆಗೆದುಕೊಳ್ಳುವವರು ಯಾರು? ಬಳಸುವವರು ಇದ್ದಾರೆಯೇ, ಗುಜರಿಯವರು ಒಯ್ಯುತ್ತಾರೆಯೇ, ಇ-ತ್ಯಾಜ್ಯದವರಿಗೆ ಸೇರಬೇಕೇ, ಅಪಾಯದ ಕಸವೇ, ಕಟ್ಟಡದ ಅವಶೇಷವೇ, ಇವ್ಯಾವುದೂ ಅಲ್ಲದ ನಿಜವಾದ ಕಸವೇ ಎಂದು ನೋಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬೇರೆಬೇರೆಯಾಗಿ ಇಡಿ. ಕೊನೆಯ ಗುಂಪು ಮಾತ್ರ ವರ್ಗಾವಣಾ ಕೇಂದ್ರದ ಪಾಲು. ಚೆನ್ನಾಗಿ ವಿಂಗಡಿಸಿದ ಮನೆಯಲ್ಲಿ ಅದು ಎಲ್ಲಕ್ಕಿಂತ ಚಿಕ್ಕ ಗುಂಪಾಗಿರುತ್ತದೆ, ಕೆಲವೊಮ್ಮೆ ಗಾಡಿಯೇ ಬೇಕಾಗುವುದಿಲ್ಲ.

ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂಲದಲ್ಲಿಯೇ ಬೇರ್ಪಡಿಸಬೇಕು, ಬೀದಿಯಲ್ಲಾಗಲಿ ಚರಂಡಿ ಕೆರೆಗಳಲ್ಲಾಗಲಿ ಎಸೆಯಬಾರದು, ಸುಡಬಾರದು, ಹೂಳಬಾರದು ಎಂಬ ಮಾತು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೇ ಬಂದಿತ್ತು. ಹಿತ್ತಲಲ್ಲಿ ಹಳೇ ರೆಕ್ಸಿನ್ ಸೋಫಾಕ್ಕೆ ಬೆಂಕಿ ಹಚ್ಚುವವರು ಇದನ್ನು ಗಮನಿಸಬೇಕು. ಆ ಹೊಗೆ ಮೊದಲು ಹೋಗುವುದು ಅವರ ಮನೆಯ ಕಿಟಕಿಗೇ.

ಬಳಸಲು ಬರುವ ಬಟ್ಟೆ, ಪುಸ್ತಕ, ಆಟಿಕೆ, ಪಾತ್ರೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಮೇ ತಿಂಗಳಿನಿಂದ ಸ್ವಚ್ಛ ಭಾರತ ಅಭಿಯಾನದಡಿ ಹಲವು ನಗರಗಳಲ್ಲಿ ಇಂಥವನ್ನು ಪಡೆಯುವ ಆರ್‌ಆರ್‌ಆರ್ (ರೆಡ್ಯೂಸ್, ರಿಯೂಸ್, ರಿಸೈಕಲ್) ಕೇಂದ್ರಗಳನ್ನು ತೆರೆಯಲಾಯಿತು. ಪಾಲಿಕೆಯವರಿಗೆ ಕರೆ ಮಾಡಿದಾಗ ಆ ಕೇಂದ್ರದ ವಿಷಯವನ್ನೂ ಒಂದು ಮಾತು ಕೇಳಿ. ಒಗೆದು ಮಡಿಸಿದ ಬಟ್ಟೆಯನ್ನು ಮಾತ್ರ ಕೊಡಬೇಕು, ಒರೆಸುವ ಬಟ್ಟೆಯಾಗುವ ಸ್ಥಿತಿಯಲ್ಲಿರುವುದನ್ನು ಇನ್ನೊಬ್ಬರ ಮೈಗೆ ಕೊಡುವುದು ದಾನವಲ್ಲ.

ಗುಜರಿಗೆ ಏನು ಹೋಗುತ್ತದೆ

ಕಬ್ಬಿಣ, ಸ್ಟೀಲು, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಪೇಪರು, ರಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಬಕೆಟ್ಟು, ಕುರ್ಚಿ, ಸಿಂಟೆಕ್ಸ್ ಟ್ಯಾಂಕು, ಬಿಯರ್ ಬಾಟಲಿ, ಇವೆಲ್ಲಕ್ಕೂ ಗುಜರಿಯಲ್ಲಿ ಬೆಲೆಯಿದೆ. ಇಬ್ಬರನ್ನು ಕರೆಸಿ ದರ ಕೇಳಿ, ತೂಕ ನಿಮ್ಮ ಕಣ್ಣ ಮುಂದೆ ಆಗಲಿ. ಪೇಪರ್ ಕಟ್ಟು ಕೊಡುವ ಮೊದಲು ಅದರೊಳಗೆ ಆಧಾರ್ ಜೆರಾಕ್ಸ್, ಹಳೇ ಚೆಕ್ ಪುಸ್ತಕ, ಬ್ಯಾಂಕಿನ ಕಾಗದಗಳು ಸೇರಿವೆಯೇ ಎಂದು ತಿರುವಿ ನೋಡಿ, ಇದ್ದರೆ ಹರಿದು ನೀರಿನಲ್ಲಿ ನೆನೆಸಿ. ಮಂಚ, ಬೀರುಗಳ ಬಗ್ಗೆ ಒಂದು ಎಚ್ಚರಿಕೆ: ಹಳೇ ಮಂಚ ತೇಗದ್ದಾಗಿದ್ದರೆ ಬಡಗಿಯೊಬ್ಬರಿಗೆ ತೋರಿಸದೆ ಕೊಡಬೇಡಿ. ಪ್ಲೈವುಡ್ಡಿನದಾಗಿದ್ದು ನೀರು ಕುಡಿದು ಉಬ್ಬಿದ್ದರೆ ಅದಕ್ಕೆ ಯಾರೂ ಗಿರಾಕಿಯಲ್ಲ; ತಿರುಪು, ತಿರುಗಣಿ, ಹಿಡಿಕೆಗಳನ್ನು ಬಿಚ್ಚಿ ಕಬ್ಬಿಣದ ಗುಂಪಿಗೆ ಹಾಕಿ, ಹಲಗೆಗಳನ್ನು ಮೂರು ಅಡಿಯ ತುಂಡು ಮಾಡಿ ಕಟ್ಟಿಡಿ. ಮೊಳೆ ಹೊರಗೆ ಚಾಚಿದ್ದರೆ ಸುತ್ತಿಗೆಯಿಂದ ಮಡಚಿ.

ಹಳೇ ಟೈರನ್ನು ಮಳೆಗಾಲಕ್ಕೆ ಮುಂಚೆಯೇ ಸಾಗಿಸಬೇಕು. ಅದರ ಒಳಸುತ್ತಿನಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಪಂಕ್ಚರ್ ಅಂಗಡಿಯಲ್ಲಿ ಅಥವಾ ಹೊಸ ಟೈರು ಕೊಳ್ಳುವ ಅಂಗಡಿಯಲ್ಲಿ ಕೇಳಿ ನೋಡಿ. ಗ್ಯಾಸ್ ಸಿಲಿಂಡರನ್ನು, ಅದು ಎಷ್ಟೇ ಹಳೆಯದಿರಲಿ, ಖಾಲಿಯೇ ಇರಲಿ, ಗುಜರಿಗೆ ಹಾಕಬಾರದು. ಅದು ಏಜೆನ್ಸಿಗೇ ಹಿಂತಿರುಗಬೇಕು.

ಗಾದಿಯ ಸಮಸ್ಯೆ

ಎಲ್ಲರ ಮನೆಯಲ್ಲೂ ಕೊನೆಗೆ ಉಳಿಯುವುದು ಗಾದಿ. ಗುಜರಿಯವರು ಅದನ್ನು ಮುಟ್ಟುವುದಿಲ್ಲ, ಕಸದ ಗಾಡಿಯವರು ಕೈ ಅಡ್ಡ ಆಡಿಸುತ್ತಾರೆ, ಬೇರೆಯವರಿಗೆ ಕೊಡಲು ನಮಗೇ ಮನಸ್ಸಾಗುವುದಿಲ್ಲ. ನಾಲೆಯ ಏರಿಯ ಮೇಲೆ ಬಿದ್ದಿರುವ ವಸ್ತುಗಳಲ್ಲಿ ಗಾದಿಯೇ ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣವಿರಬೇಕು. ಈ ನಾಲೆಯ ನೀರೇ ಕುಂದುವಾಡ ಕೆರೆಗೆ ತುಂಬಿ, ಅಲ್ಲಿಂದ ಊರಿನ ನಲ್ಲಿಗಳಿಗೆ ಬರುತ್ತದೆಂಬುದನ್ನು ನೆನೆದರೆ ಆ ಗಾದಿಯ ಮೇಲೆ ಮಲಗಿದ್ದವರಿಗೇ ಹೇಸಿಗೆಯಾದೀತು.

ಹತ್ತಿಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನಲ್ಲಿ ಹಳೇ ಮನೆಗಳ ಗಾದಿ ಸಾಮಾನ್ಯವಾಗಿ ಹತ್ತಿಯದೇ ಆಗಿರುತ್ತದೆ. ಅಂಚಿನ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ, ಒಳಗಿನ ಹತ್ತಿಯನ್ನು ಒಂದು ಹಿಡಿ ತೆಗೆದು ಎರಡೂ ಕೈಯಿಂದ ಎಳೆದು ನೋಡಿ. ಎಳೆ ಎಳೆಯಾಗಿ ಜಗ್ಗಿ ಬಂದರೆ ಆ ಹತ್ತಿಗೆ ಇನ್ನೂ ಜೀವವಿದೆ. ಗಾದಿ ಹೊಲಿಯುವ ಅಂಗಡಿಯಲ್ಲಿ ಹಿಂಜಿಸಿ, ಹೊಸ ಬಟ್ಟೆ ಹಾಕಿಸಿದರೆ ಎರಡು ಗಾದಿಯಿಂದ ಒಂದು ಒಳ್ಳೆಯ ಗಾದಿಯೂ ನಾಲ್ಕು ತಲೆದಿಂಬೂ ಬರುತ್ತವೆ. ಕೈಯಲ್ಲಿ ಪುಡಿಯಾಗಿ ಉದುರಿದರೆ, ಗಂಟುಗಂಟಾಗಿ ಕಪ್ಪಗಿದ್ದರೆ, ಮುಗ್ಗಲು ನಾತ ಬಂದರೆ ಅದನ್ನು ಬಿಡಿ. ಅತ್ತೆಯವರ ಮನೆಯ ಎರಡು ಗಾದಿಗಳಲ್ಲಿ ಒಂದರ ಹತ್ತಿ ಬೆಳ್ಳಗೆ ರೇಷ್ಮೆಯಂತೆ ಜಗ್ಗಿತು, ಇನ್ನೊಂದರ ಒಳಗಿನಿಂದ ಇಲಿ ಸಂಗ್ರಹಿಸಿಟ್ಟ ಶೇಂಗಾ ಸಿಪ್ಪೆ ಒಂದು ಮೊರದಷ್ಟು ಉದುರಿತು.

ಬಿಸಾಡಲೇಬೇಕಾದ ಗಾದಿಯನ್ನು ಇಡಿಯಾಗಿ ಒಯ್ಯಬೇಡಿ. ಜೋಡಿ ಗಾದಿಯೊಂದು ಗಾಡಿಯ ಅರ್ಧ ಜಾಗ ತಿನ್ನುತ್ತದೆ, ಕೇಂದ್ರದಲ್ಲಿ ಕಸ ಒತ್ತುವ ಕಾಂಪ್ಯಾಕ್ಟರಿನ ಬಾಯಿಗೆ ಅಡ್ಡವಾಗಿ ಸಿಕ್ಕಿಕೊಳ್ಳುತ್ತದೆ. ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಿ, ಮೇಲಿನ ಬಟ್ಟೆ ಬಿಚ್ಚಿ ತೆಗೆದು, ಹತ್ತಿಯನ್ನು ಹಳೇ ಅಕ್ಕಿ ಚೀಲಗಳಿಗೆ ತುಳಿದು ತುಂಬಿ. ಫೋಮಿನದಾದರೆ ಉದ್ದನೆಯ ಬ್ಲೇಡಿನಿಂದ ನಾಲ್ಕು ತುಂಡು ಮಾಡಿ ಸುರುಳಿ ಸುತ್ತಿ ಹಗ್ಗ ಕಟ್ಟಿ. ಸ್ಪ್ರಿಂಗಿನದು ತ್ರಾಸದ ಕೆಲಸ, ಆದರೆ ಬಟ್ಟೆ ಸುಲಿದರೆ ಒಳಗಿನ ತಂತಿಯ ಜಾಲ ಗುಜರಿಗೆ ಹೋಗುತ್ತದೆ. ತಿಗಣೆ ಇದ್ದ ಗಾದಿಯಾದರೆ ಮನೆಯೊಳಗೆ ಬಿಚ್ಚದೆ, ಮೊದಲು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹೊರಗೆ ತಂದು, ಹಾಗೆ ಸುತ್ತಿಯೇ ಸಾಗಿಸಿ, ಮತ್ತು ಗಾಡಿಯವರಿಗೆ ಆ ವಿಷಯವನ್ನು ಮುಚ್ಚಿಡದೆ ಹೇಳಿ.

ಕರೆಂಟಿನ ಸಾಮಾನು

ಪ್ಲಗ್ಗು, ಬ್ಯಾಟರಿ ಇದ್ದದ್ದೆಲ್ಲ ಇ-ತ್ಯಾಜ್ಯ ಎಂದು ನೆನಪಿಟ್ಟುಕೊಂಡರೆ ಸಾಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ 106 ಬಗೆಯ ಉಪಕರಣಗಳಿವೆ, ಮತ್ತು ಅವುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಲಾಗಿದೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವುದು ಎಲ್ಲಕ್ಕಿಂತ ಸುಲಭ. ಇಲ್ಲವಾದರೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರು ಯಾರೆಂದು ಪಾಲಿಕೆಯಲ್ಲಿ ಕೇಳಿ ಅವರಿಗೇ ಒಪ್ಪಿಸಿ.

ಡಬ್ಬಾ ಟಿ.ವಿ.ಯನ್ನು ಯಾವ ಕಾರಣಕ್ಕೂ ಒಡೆಯಬೇಡಿ, ಒಡೆಯುವವರ ಕೈಗೂ ಕೊಡಬೇಡಿ. ಅದರ ಚಿತ್ರನಳಿಗೆಯ ಗಾಜಿನಲ್ಲಿ ಸೀಸ ಸೇರಿರುತ್ತದೆ, ಒಳಗೆ ಗಾಳಿಯಿಲ್ಲದಿರುವುದರಿಂದ ಪೆಟ್ಟು ಬಿದ್ದರೆ ಗಾಜು ಸಿಡಿಯುತ್ತದೆ. ಹಿಂಭಾಗದ ತಾಮ್ರದ ಸುರುಳಿಯ ಆಸೆಗೆ ಕತ್ತು ಮುರಿದು ಉಳಿದದ್ದನ್ನು ಚರಂಡಿಗೆ ತಳ್ಳುವುದುಂಟು. 21 ಇಂಚಿನದು 20 ಕಿಲೋಗೂ ಹೆಚ್ಚು ತೂಗುತ್ತದೆ, ಭಾರವೆಲ್ಲ ಮುಂದಿನ ಗಾಜಿನ ಕಡೆಗೇ ಇರುತ್ತದೆ. ಎತ್ತುವಾಗ ಗಾಜು ನಿಮ್ಮ ಎದೆಗೆ ತಾಗಿರುವಂತೆ ಹಿಡಿದು ಇಬ್ಬರು ಎತ್ತಿ.

ಫ್ರಿಜ್ಜಿನ ಹಿಂದಿನ ಪೈಪುಗಳಲ್ಲಿ ಅನಿಲವೂ ಕಂಪ್ರೆಸರಿನಲ್ಲಿ ಎಣ್ಣೆಯೂ ಇರುತ್ತವೆ. ಹಳೆಯ ಮಾದರಿಗಳಲ್ಲಿದ್ದದ್ದು ಓಝೋನ್ ಪದರವನ್ನು ತಿನ್ನುವ ಅನಿಲ, ಈಚಿನ ಹಲವು ಮಾದರಿಗಳಲ್ಲಿರುವುದು ಕಿಡಿ ತಾಗಿದರೆ ಹತ್ತಿಕೊಳ್ಳುವ ಅನಿಲ. ಆದ್ದರಿಂದ ಪೈಪು ಕತ್ತರಿಸಲು ಬಿಡಬೇಡಿ. ನಿಂತ ಭಂಗಿಯಲ್ಲೇ ಸಾಗಿಸಿ, ಮತ್ತು ಅಂಗಳದಲ್ಲಿ ಒಂದು ರಾತ್ರಿ ಇಡಬೇಕಾಗಿ ಬಂದರೂ ಬಾಗಿಲನ್ನು ಕಳಚಿಡಿ ಅಥವಾ ಹಗ್ಗ ಸುತ್ತಿ ಬಿಗಿಯಿರಿ. ಆಡುವ ಮಕ್ಕಳು ಒಳಗೆ ಕೂತು ಬಾಗಿಲು ಎಳೆದುಕೊಂಡರೆ ಒಳಗಿನಿಂದ ತೆಗೆಯಲಾಗದು.

ಇನ್ವರ್ಟರ್ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇವೆ. ಅದನ್ನು ಬ್ಯಾಟರಿ ಅಂಗಡಿಯವರು ಹಣ ಕೊಟ್ಟೇ ಪಡೆಯುತ್ತಾರೆ, ನೆಟ್ಟಗೆ ನಿಲ್ಲಿಸಿ ಒಯ್ಯುವುದಷ್ಟೇ ನಮ್ಮ ಕೆಲಸ. ಹಳೇ ಮೊಬೈಲ್, ಪವರ್ ಬ್ಯಾಂಕುಗಳ ಲಿಥಿಯಂ ಬ್ಯಾಟರಿ ಅದಕ್ಕಿಂತ ಅಪಾಯದ್ದು. ಒಣ ಕಸದೊಳಗೆ ಸೇರಿ, ಕಾಂಪ್ಯಾಕ್ಟರಿನಲ್ಲಿ ಒತ್ತಿಸಿಕೊಂಡು ಒಡೆದರೆ ಅಲ್ಲಿಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ತುದಿಗಳಿಗೆ ಟೇಪು ಸುತ್ತಿ, ಉಬ್ಬಿದ್ದನ್ನು ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯದವರಿಗೇ ಕೊಡಿ. ಮೊಬೈಲು, ಕಂಪ್ಯೂಟರುಗಳಿಂದ ನಿಮ್ಮ ಫೋಟೋ ಮತ್ತು ಖಾತೆಗಳನ್ನು ಅಳಿಸಿಯೇ ಕೊಡಬೇಕೆಂದು ಬೇರೆ ಹೇಳಬೇಕಿಲ್ಲ.

ಅಪಾಯದ ಕಸ

ಬಣ್ಣದ ಡಬ್ಬಿ, ಕೀಟನಾಶಕದ ಬಾಟಲಿ, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಅವಧಿ ಮುಗಿದ ಮಾತ್ರೆ, ಪಾದರಸದ ಥರ್ಮಾಮೀಟರು, ಇಂಜೆಕ್ಷನ್ ಸೂಜಿ ಇವು ಮನೆಯ ಅಪಾಯಕಾರಿ ಕಸದ ಸಾಲಿಗೆ ಸೇರುತ್ತವೆ. ಇವನ್ನು ಪಡೆಯಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ತೆರೆದು ಅದರ ಸಮಯವನ್ನು ಪ್ರಕಟಿಸಬೇಕೆಂದು 2016ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. ಆದ್ದರಿಂದ "ಇದನ್ನು ಎಲ್ಲಿ ಕೊಡಬೇಕು?" ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ನಮ್ಮ ಕಡೆ ಹಳ್ಳಿಯಲ್ಲಿ ಮೆಕ್ಕೆಜೋಳ, ಅಡಿಕೆ ಇರುವವರ ಪೇಟೆಮನೆಯ ಮೆಟ್ಟಿಲ ಕೆಳಗೆ ಅರ್ಧ ತುಂಬಿದ ಔಷಧಿ ಬಾಟಲಿಗಳು ಇದ್ದೇ ಇರುತ್ತವೆ. ಮುಚ್ಚಳ ಬಿಗಿದು, ಹೆಸರಿನ ಚೀಟಿ ಕೀಳದೆ, ಒಂದು ಬಕೆಟ್ಟಿನಲ್ಲಿ ನಿಲ್ಲಿಸಿ ಒಯ್ಯಿರಿ. ಉಳಿದದ್ದನ್ನು ಬಚ್ಚಲಿಗೆ ಸುರಿಯಬೇಡಿ. ಡಬ್ಬಿಯ ತಳದಲ್ಲಿ ಹಸಿ ಬಣ್ಣ ಉಳಿದಿದ್ದರೆ ಮರದ ಹೊಟ್ಟು ಅಥವಾ ಮರಳು ಸುರಿದು, ಮುಚ್ಚಳ ತೆಗೆದು ಗಾಳಿಯಾಡುವ ಕಡೆ ಒಣಗಲು ಬಿಡಿ. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಿ ಮೇಲೆ ಬರೆಯಿರಿ. ಸಿಎಫ್‌ಎಲ್ ಬಲ್ಬೋ ಟ್ಯೂಬ್‌ಲೈಟೋ ಒಡೆದರೆ ಕಿಟಕಿ ತೆಗೆದು ಹತ್ತು ಹದಿನೈದು ನಿಮಿಷ ಕೋಣೆಯಿಂದ ಹೊರಗಿರಿ, ಆಮೇಲೆ ಪೊರಕೆ ಮುಟ್ಟದೆ ರಟ್ಟಿನ ತುಂಡಿನಿಂದ ಬಳಿದು ಒದ್ದೆ ಕಾಗದದಿಂದ ಒರೆಸಿ ಎಲ್ಲವನ್ನೂ ಒಂದು ಬಾಟಲಿಗೆ ಹಾಕಿ. ಅದರೊಳಗಿರುವ ಪಾದರಸ ಕೆಲವೇ ಮಿಲಿಗ್ರಾಂ ನಿಜ, ಆದರೆ ಪೊರಕೆ ಅದನ್ನು ಮನೆಯಿಡೀ ಹರಡುತ್ತದೆ.

ಗಾಜಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಮಹಿಳೆಯ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಗೆರೆಯಿದೆ. ಯಾರದೋ ಮನೆಯ ಒಡೆದ ಕನ್ನಡಿ ಪೇಪರಿನಲ್ಲಿ ಸುತ್ತಿದ್ದು ಅನ್ನದ ಚೀಲದೊಳಗಿತ್ತಂತೆ. "ಗಾಜಿದ್ರೆ ಒಂದ್ ಮಾತು ಬಾಯಲ್ಲಿ ಹೇಳ್ರಿ ಅಣ್ಣಾರ, ಸಾಕು" ಎಂದು ಆಕೆ ಎಲ್ಲರ ಮನೆ ಮುಂದೆ ಹೇಳುತ್ತಾಳೆ. ಗಾಜನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಟೇಪು ಹಾಕಿ, ದಪ್ಪ ಅಕ್ಷರದಲ್ಲಿ "ಗಾಜು" ಎಂದು ಕನ್ನಡದಲ್ಲಿ ಬರೆದು, ಬಾಯಲ್ಲೂ ಹೇಳಿ ಕೊಡಿ.

ದೇವರ ಪಟಗಳು

ಇದಕ್ಕೆ ಯಾವ ನಿಯಮದ ಪುಸ್ತಕದಲ್ಲೂ ಅಧ್ಯಾಯವಿಲ್ಲ, ಆದರೆ ಪ್ರತಿ ಮನೆಯಲ್ಲೂ ಎದುರಾಗುವ ಪ್ರಶ್ನೆ ಇದೇ. ಕಸದ ಗಾಡಿಗೆ ಹಾಕಲು ಕೈ ಬಾರದೆ ಜನ ಅರಳಿಕಟ್ಟೆಯ ಬುಡದಲ್ಲಿ ಒರಗಿಸಿ ಕೈಮುಗಿದು ಬರುತ್ತಾರೆ. ವಾರದೊಳಗೆ ನಾಯಿ ಬೀಳಿಸಿ ಗಾಜು ಒಡೆದು ಕಟ್ಟೆಯ ತುಂಬ ಚೂರು. ನಮ್ಮತ್ತೆಯವರು ಕಂಡುಕೊಂಡ ದಾರಿ ನನಗೆ ಒಪ್ಪಿತವಾಯಿತು. ಹಿಂದಿನ ಮೊಳೆಗಳನ್ನು ಕಿತ್ತು, ಗಾಜು, ಮರದ ಕಟ್ಟು, ಹಿಂಬದಿಯ ಹಲಗೆಗಳನ್ನು ಬೇರೆ ಮಾಡಿದ ಮೇಲೆ ಉಳಿಯುವುದು ಒಂದು ಕಾಗದ ಮಾತ್ರ. ಅದಕ್ಕೆ ಕುಂಕುಮ ಹಚ್ಚಿ, ಶುದ್ಧ ನೀರಿನ ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಹಿಟ್ಟಿನಂತೆ ಕಲಸಿ ದಾಸವಾಳದ ಗಿಡದ ಬುಡದಲ್ಲಿ ಹಾಕಿದರು. ಪ್ಲಾಸ್ಟಿಕ್ ಲೇಪ ಹಾಕಿದ ಪಟಕ್ಕೆ ಇದು ನಡೆಯುವುದಿಲ್ಲ, ಅದು ಒಣ ಕಸವೇ. ಮಣ್ಣಿನ ಮೂರ್ತಿಯನ್ನು ಹೀಗೆಯೇ ಬಕೆಟ್ಟಿನಲ್ಲಿ ಕರಗಿಸಬಹುದು; ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನದು ಕರಗುವುದಿಲ್ಲ, ಅದನ್ನು ಎಲ್ಲಿ ಪಡೆಯುತ್ತಾರೆಂದು ಕೇಳಿ ತಿಳಿಯಬೇಕು.

ಇಟ್ಟಿಗೆ, ಗಾರೆ, ಟೈಲ್ಸ್

ಕಟ್ಟಡದ ಅವಶೇಷವನ್ನು ಮನೆಕಸದ ಜೊತೆ ಎಂದಿಗೂ ಬೆರೆಸಬಾರದು. ಅದಕ್ಕೆಂದೇ 2016ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಒಂದು ಚೀಲ ಕಾಂಕ್ರೀಟು ಕಾಂಪ್ಯಾಕ್ಟರಿನ ಒತ್ತುವ ಫಲಕವನ್ನು ಬಾಗಿಸಬಲ್ಲದು, ಗೊಬ್ಬರವಾಗಬೇಕಾದ ಹಸಿ ಕಸವನ್ನೂ ಕೆಡಿಸುತ್ತದೆ. ಕಮೋಡು, ಸಿಂಕು, ಟೈಲ್ಸುಗಳೂ ಇದೇ ಗುಂಪಿಗೆ ಸೇರುತ್ತವೆ. ಚೀಲಗಳನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ತುಂಬಿದ ಸಿಮೆಂಟ್ ಚೀಲದ ಗಾರೆಯನ್ನು ಎತ್ತಿದವರ ಸೊಂಟ ತಿಂಗಳು ನೆನಪಿಸುತ್ತದೆ. ಪಕ್ಕದಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಪಾಯದ ಭರ್ತಿಗೆ ಬೇಕೇ ಎಂದು ಕೇಳಿ ನೋಡಿ. ನನ್ನ ಟೈಲ್ಸ್ ಮೂಟೆಗಳು ಕೊನೆಗೆ ಹೋದದ್ದು ಅಲ್ಲಿಗೇ.

ಕೇಳಿ ಹೊರಡುವುದು

ಈಗ ಉಳಿದ ಕೊನೆಯ ಗುಂಪಿನ ಫೋಟೋ ತೆಗೆಯಿರಿ. ದಾವಣಗೆರೆ ಪಾಲಿಕೆಯಲ್ಲಿ 45 ವಾರ್ಡುಗಳಿವೆ, ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರು ಯಾರೆಂದು ಕಸದ ಗಾಡಿಯವರನ್ನು ಕೇಳಿದರೆ ಪಾಲಿಕೆಯ ಕಚೇರಿಗಿಂತ ಬೇಗ ತಿಳಿಯುತ್ತದೆ. ಅವರಿಗೆ ಫೋಟೋ ಕಳಿಸಿ, ವರ್ಗಾವಣಾ ಕೇಂದ್ರಕ್ಕೆ ನಾವೇ ತರಬಹುದೇ ಅಥವಾ ಶುಲ್ಕ ಕಟ್ಟಿದರೆ ಪಾಲಿಕೆಯ ಗಾಡಿಯೇ ಬರುತ್ತದೆಯೇ, ಯಾವ ಕೇಂದ್ರ, ಯಾವ ಹೊತ್ತು, ಎಷ್ಟು ಶುಲ್ಕ, ಗೇಟಿನಲ್ಲಿ ಯಾರ ಹೆಸರು ಹೇಳಬೇಕು ಎಂದು ಕೇಳಿ. ವರ್ಗಾವಣಾ ಕೇಂದ್ರ ಮೂಲತಃ ಪಾಲಿಕೆಯ ವಾಹನಗಳಿಗಾಗಿ ಮಾಡಿದ್ದಾದ್ದರಿಂದ ಹೇಳದೆ ಕೇಳದೆ ಹೋದವರನ್ನು ಒಳಗೆ ಬಿಡಬೇಕೆಂದಿಲ್ಲ. ಫೋನಿನಲ್ಲಿ ಒಪ್ಪಿಗೆ ಸಿಕ್ಕರೆ, "ನಾಳೆ ಮಧ್ಯಾಹ್ನ ಆರು ಚೀಲ ತರುತ್ತೇನೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬರೆದು ಕಳಿಸಿಬಿಡಿ; ಗೇಟಿನಲ್ಲಿ ತೋರಿಸಲು ಅದಕ್ಕಿಂತ ಒಳ್ಳೆಯ ಚೀಟಿಯಿಲ್ಲ. ಜೊತೆಗೆ ಮನೆ ಕಂದಾಯದ ರಸೀದಿಯ ಒಂದು ಪ್ರತಿ ಇದ್ದರೆ, ತಂದದ್ದು ಅಂಗಡಿಯ ಕಸವಲ್ಲ, ಮನೆಯದು ಎಂದು ತೋರಿಸಲು ಅನುಕೂಲ.

ಹೊತ್ತನ್ನು ನೋಡಿ ಹೋಗಬೇಕು. ಬೆಳಿಗ್ಗೆ ಎಲ್ಲ ವಾರ್ಡುಗಳ ಟಿಪ್ಪರ್‌ಗಳು ಒಟ್ಟಿಗೆ ಬಂದು ಸಾಲುಗಟ್ಟಿರುತ್ತವೆ, ಆ ಸಾಲಿನ ನಡುವೆ ನಿಮ್ಮ ಲಗೇಜ್ ಆಟೋ ಹೊಕ್ಕರೆ ಎಲ್ಲರಿಗೂ ಕಿರಿಕಿರಿ. ಅವರ ಗಡಿಬಿಡಿ ಇಳಿದ ಮೇಲೆ, ಕೇಂದ್ರದವರು ಹೇಳಿದ ಸಮಯಕ್ಕೆ ಸರಿಯಾಗಿ ಹೋಗಿ.

ಗಾಡಿ ಹೇರುವಾಗ ಭಾರದ ಚೀಲಗಳು ತಳಕ್ಕೆ, ಡ್ರೈವರ್ ಸೀಟಿನ ಬೆನ್ನಿಗೆ ಒತ್ತಿಕೊಂಡು ಇರಲಿ. ಎರಡು ಕಡೆ ಇಳಿಸುವುದಿದ್ದರೆ ಮೊದಲು ಇಳಿಯಬೇಕಾದದ್ದು ಕೊನೆಗೆ ಹತ್ತಲಿ. ಟಾಟಾ ಏಸ್ ಹೊರುವುದು ಸುಮಾರು ಮುಕ್ಕಾಲು ಟನ್, ಮೂರು ಚಕ್ರದ ಲಗೇಜ್ ಆಟೋ ಅದಕ್ಕಿಂತ ಕಡಿಮೆ. ಮೇಲೆ ಟಾರ್ಪಾಲು ಹೊದಿಸಿ ನಾಲ್ಕೂ ಮೂಲೆಗೆ ಹಗ್ಗ ಕಟ್ಟಿ. ಆಷಾಢದ ಗಾಳಿಗೆ ನಮ್ಮ ಆಟೋದಿಂದ ಹಾರಿದ ಒಂದು ಫೋಮಿನ ತುಂಡು ಹಿಂದೆ ಬರುತ್ತಿದ್ದ ಬೈಕಿನವರ ಮುಖಕ್ಕೇ ಬಡಿದಿತ್ತು, ಅದು ಫೋಮು ಆಗಿದ್ದದ್ದು ಪುಣ್ಯ. ಬಾಡಿಗೆ ಮಾತಾಡುವಾಗಲೇ ಕೇಂದ್ರದಲ್ಲಿ ಕಾಯುವ ಹೊತ್ತನ್ನೂ, ಇಳಿಸುವ ಕೂಲಿಯನ್ನೂ ಸೇರಿಸಿ ಮಾತಾಡಿ.

ಗೇಟಿನೊಳಗೆ

ವೇ ಬ್ರಿಡ್ಜ್ ಇರುವ ಕೇಂದ್ರದಲ್ಲಿ ಗಾಡಿಯನ್ನು ತುಂಬಿದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ ತೂಗುತ್ತಾರೆ. ಎರಡರ ವ್ಯತ್ಯಾಸವೇ ನಿಮ್ಮ ಕಸ. ಎರಡು ಸಲವೂ ಗಾಡಿಯಲ್ಲಿ ಅಷ್ಟೇ ಜನ ಇರಬೇಕು, ಇಲ್ಲವಾದರೆ ನಿಮ್ಮ ಬಾವಮೈದುನನ ತೂಕಕ್ಕೂ ಶುಲ್ಕ ಬೀಳುತ್ತದೆ. ಒಳಗೆ ನೆಲ ಕಸದ ಕಪ್ಪು ನೀರಿನಿಂದ ಜಾರುತ್ತಿರುತ್ತದೆ, ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಬೂಟು, ಗಟ್ಟಿ ಕೈಗವಸು, ಬಾಯಿಗೆ ಕಟ್ಟಲು ಒಂದು ಟವೆಲ್ಲು ಇರಲಿ. ಮಕ್ಕಳನ್ನು ಕರೆದೊಯ್ಯಬೇಡಿ. ರಿವರ್ಸ್ ಬರುವ ಟಿಪ್ಪರಿನ ಡ್ರೈವರಿಗೆ ಹಿಂದೆ ನಿಂತವರು ಕಾಣುವುದಿಲ್ಲ, ಆದ್ದರಿಂದ ಯಾವ ವಾಹನದ ಹಿಂದೆಯೂ ನಿಲ್ಲದೆ ಪಕ್ಕಕ್ಕಿರಿ, ಕಾಂಪ್ಯಾಕ್ಟರ್ ಓಡುತ್ತಿರುವಾಗ ಅದರ ಬಾಯಿಯ ಹತ್ತಿರ ಹೋಗಬೇಡಿ, ಒಳಗೆ ಬಿದ್ದದ್ದನ್ನು ಮತ್ತೆ ಎತ್ತಿಕೊಳ್ಳಲು ಕೈ ಹಾಕಬೇಡಿ.

ಯಾವ ಚೀಲದಲ್ಲಿ ಏನಿದೆ ಎಂದು ಅಲ್ಲಿಯ ಸಿಬ್ಬಂದಿಗೆ ಮೊದಲೇ ಹೇಳಿ, ಅವರು ತೋರಿಸಿದ ಕಡೆಯೇ ಇಳಿಸಿ. ಒಣ ಕಸದ ಚೀಲವನ್ನು ಬಾಯಿ ಬಿಚ್ಚಿ ತೋರಿಸುವುದು ಒಳ್ಳೆಯದು, ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಏನನ್ನಾದರೂ ಬೇಡವೆಂದರೆ ವಾದಕ್ಕೆ ಇಳಿಯದೆ, ಅದು ಎಲ್ಲಿಗೆ ಹೋಗಬೇಕೆಂದು ಕೇಳಿ ಬರೆದುಕೊಂಡು ಗಾಡಿಗೆ ವಾಪಸ್ ಹಾಕಿ. ಶುಲ್ಕ ಕಟ್ಟಿದ್ದಕ್ಕೆ ರಸೀದಿ ಪಡೆಯಿರಿ. ರಸೀದಿಯಿಲ್ಲದೆ ಯಾರಿಗಾದರೂ ಕೈಯಲ್ಲಿ ಹಣ ಕೊಡುವ ಅಗತ್ಯವಿಲ್ಲ.

ಎರಡನೆಯ ಸಲ ನಾನು ಹೋದಾಗ ಆಟೋದಲ್ಲಿದ್ದದ್ದು ಇಲಿ ತಿಂದ ಗಾದಿಯ ಹತ್ತಿ ಮೂರು ಚೀಲ, ಉಬ್ಬಿದ ಪ್ಲೈವುಡ್ಡಿನ ಎರಡು ಕಟ್ಟು, ರೆಕ್ಸಿನ್ನಿನ ಒಂದು ಸುರುಳಿ. ಗೇಟಿನಲ್ಲಿ ಅದೇ ವ್ಯಕ್ತಿ, ಅದೇ ಕೋಲು. ಚೀಲದ ಬಾಯಿಯನ್ನು ಕೋಲಿನಿಂದ ಅಗಲಿಸಿ ನೋಡಿ, ಪ್ಲೈವುಡ್ಡಿನ ಮಡಚಿದ ಮೊಳೆಯ ಮೇಲೆ ಒಮ್ಮೆ ಬೆರಳಾಡಿಸಿ, "ಬಲಕ್ಕೆ ತಗೊಳ್ರಿ" ಎಂದ. ಇಳಿಸಿ ಹೊರಬರಲು ಹತ್ತು ನಿಮಿಷ ಹಿಡಿಯಿತು.